ಒಪ್ಪಿಸದ ಕಾಲು

ತೂಬಿನಮ್ಮನ ಎದುರಿಗಿರುವ ಕಲ್ಲಿನ ಮೇಲೆ ಕಾಲು ಮಡಿಸಿಕೊಂಡು ಕೂತು ಇದನ್ನು ಹೇಳುತ್ತಿದ್ದೇನೆ. ಅವಳ ಕಣ್ಣೆದುರಿಗೆ ಕೂತವನಿಗೆ ಒಂದು ಮಾತು ಹೆಚ್ಚು ಸೇರಿಸುವುದಕ್ಕೂ ಬಾಯಿ ಬರುವುದಿಲ್ಲ, ಒಂದು ಮಾತು ನುಂಗುವುದಕ್ಕೂ ಆಗುವುದಿಲ್ಲ.

ನಮ್ಮೂರಿನಲ್ಲಿ ಕೆಲವರ ಹೆಜ್ಜೆ ಒಣಗುವುದಿಲ್ಲ. ಗದ್ದೆಯಿಂದ ಬಂದವರು ಅಂಗಳ ದಾಟಿ ಒಳಗೆ ಹೋದರೆ ಅವರ ಪಾದದ ಗುರುತು, ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಬಿಸಿಲಿಗೆ ಆರಿಹೋಗುತ್ತದೆ. ಇವರದು ಆರುವುದಿಲ್ಲ. ಸಂಜೆಗೂ ಹಸಿ, ಮರುದಿನಕ್ಕೂ ಹಸಿ. ಬೆಳಕು ಹರಿಯುವ ಹೊತ್ತಿಗೆ ನಾಲೆಯಿಂದ ಬಸವನಹುಳುಗಳು ಏರಿ ಬರುತ್ತವೆ. ಒಂದು ಹೆಜ್ಜೆಯಿಂದ ಇನ್ನೊಂದು ಹೆಜ್ಜೆಗೆ, ಹಿಮ್ಮಡಿಯಿಂದ ಬೆರಳಿಗೆ, ಮತ್ತೆ ಮುಂದಿನ ಹಿಮ್ಮಡಿಗೆ, ಯಾರೋ ಕೈ ಹಿಡಿದು ನಡೆಸಿದ ಹಾಗೆ ಆ ಮನೆಯ ಹೊಸಿಲಿಗೇ ಬಂದು ನಿಲ್ಲುತ್ತವೆ.

ಯಾರೂ ಅವನ್ನು ಕೊಲ್ಲುವುದಿಲ್ಲ. ಬಸವ ಎಂದು ಕರೆದ ಮೇಲೆ ಕೊಲ್ಲುವ ಮಾತೆಲ್ಲಿ. ಹಳೆಯ ಮನೆಗಳ ಹೊಸಿಲಿಗೆಲ್ಲ ಇಳಿಜಾರಾದ ಒಂದು ಚಪ್ಪಡಿ ಇದೆ, ಅವು ಹತ್ತಲಿ ಎಂದು. ಹೆಂಗಸರು ರಂಗೋಲಿ ಬಿಡುವಾಗ ಮಧ್ಯದಲ್ಲಿ ಒಂದು ದಾರಿ ಖಾಲಿ ಬಿಡುತ್ತಾರೆ. ಹೆಣ್ಣು ನೋಡಲು ಬಂದವರು ಹುಡುಗಿಯ ಬಾಯಲ್ಲಿ ಹಾಡು ಹೇಳಿಸುವುದಿಲ್ಲ. ಕಾಲು ತೊಳೆದು ಅಂಗಳದ ಹಾಸುಗಲ್ಲಿನ ಮೇಲೆ ನಡೆಯಲು ಹೇಳುತ್ತಾರೆ. ಆಮೇಲೆ ಕಾಫಿ ಬರುತ್ತದೆ. ಎಲ್ಲರೂ ಮಳೆ ಬೆಳೆ ಮಾತಾಡುತ್ತಾ ಕಣ್ಣು ಮಾತ್ರ ಕಲ್ಲಿನ ಮೇಲೆ ಇಟ್ಟಿರುತ್ತಾರೆ. ನನ್ನ ಹೆಂಡತಿ ಹೊಂಬಾಳಮ್ಮನನ್ನು ನೋಡಲು ಹೋದಾಗ ನನ್ನ ಅತ್ತೆ ನಮ್ಮನ್ನು ಸುಡು ಮಧ್ಯಾಹ್ನಕ್ಕೇ ಕರೆಸಿದ್ದರು. ಹೆಜ್ಜೆ ಆರಿದ್ದು ನಿನ್ನ ಕಾಲಿನ ಗುಣದಿಂದಲೋ ನಿಮ್ಮವ್ವನ ಜಾಣತನದಿಂದಲೋ ಎಂದು ನಾನು ಆಮೇಲೂ ಬಹಳ ಕಾಲ ಅವಳನ್ನು ಕೆಣಕುತ್ತಿದ್ದೆ.

ನಾನು ನೀರಗಂಟಿ. ತೂಬಿನ ಹಲಗೆ ಎತ್ತಿ ಇಳಿಸಿ, ಸರದಿಯ ಪ್ರಕಾರ ಒಬ್ಬೊಬ್ಬರ ಗದ್ದೆಗೆ ನೀರು ಬಿಡುವುದು ನಮ್ಮಪ್ಪನ ಕೆಲಸವಾಗಿತ್ತು, ಈಗ ನನ್ನದು. ಹಲಗೆ ಎತ್ತಬೇಕಾದರೆ ತೊಡೆಮಟ್ಟ ನೀರಿಗೆ ಇಳಿಯಬೇಕು. ನಾಲೆ ಎಲ್ಲಿಂದ ಬರುತ್ತದೆ ಎಂದು ನೋಡಿ ಬಂದವರು ನಮ್ಮೂರಲ್ಲಿ ಇಲ್ಲ. ವರ್ಷ ಪೂರ್ತಿ ಬರುತ್ತದೆ, ಅಷ್ಟು ಸಾಕು. ಒಂದು ಭತ್ತ ಕೊಯ್ದ ಕಡೆಯೇ ಇನ್ನೊಂದು ನಾಟಿ. ನೆಲ ಬಿರುಕು ಬಿಟ್ಟಿದ್ದನ್ನು ನಮ್ಮ ಮಕ್ಕಳು ಕಂಡಿಲ್ಲ. ಇದೆಲ್ಲ ತೂಬಿನಮ್ಮನ ಕೃಪೆ. ತೂಬಿನ ಪಕ್ಕದಲ್ಲಿ, ಅರ್ಧ ನೀರಿನಲ್ಲಿ ಅರ್ಧ ಗಾಳಿಯಲ್ಲಿ, ಮೂಗು ಕಣ್ಣು ಸವೆದುಹೋದ ಕಲ್ಲು ಅವಳು.

ಹೆಜ್ಜೆ ಒಣಗದವರಿಗೆ ಮೊದಲು ಒಂದಕ್ಕೆ ಹೋದಾಗ ಉರಿ. ಆಮೇಲೆ ಕೆಂಪು. ಬಸವ ಕೆಲವು ತಿಂಗಳು ಹೊಸಿಲಿನಲ್ಲೇ ಇರುತ್ತಾನೆ. ಆಮೇಲೆ ಒಳಗೆ ಬಂದು ಮಂಚದ ಕಾಲು ಹಿಡಿಯುತ್ತಾನೆ. ಅಷ್ಟು ಹೊತ್ತಿಗೆ ಹೊಟ್ಟೆ ಮುಂದೆ ಬಂದಿರುತ್ತದೆ, ತೋಳು ಬತ್ತಿರುತ್ತದೆ. ದಿಂಬಿಗೆ ಬಂದ ಬೆಳಿಗ್ಗೆ ಮನೆಯವರು ಯಾರಿಗೂ ಹೇಳಿ ಕಳಿಸಬೇಕಾಗಿಲ್ಲ, ಊರೇ ಬರುತ್ತದೆ. ಗಾಣದ ನಂಜಪ್ಪನ ದಿಂಬಿನ ಮೇಲೆ ಅವು ಅವನ ಮುಖ ನೋಡುತ್ತಾ ಸಾಲಾಗಿ ಕೂತಿದ್ದನ್ನು ನಾನು ಕಂಡಿದ್ದೇನೆ. ಕೊಂಬು ಚಾಚಿಕೊಂಡಿದ್ದವು. ಅವನು ಏನೋ ಹೇಳುವುದು ಬಾಕಿ ಇದೆ, ಅದಕ್ಕೆ ಕಾಯುತ್ತಿದ್ದೇವೆ ಎನ್ನುವ ಹಾಗಿತ್ತು.

ಅಲ್ಲಿಯತನಕ ಹೋಗಬಾರದು ಎಂದೇ ಹಿರಿಯರು ಒಂದು ದಾರಿ ಮಾಡಿಟ್ಟಿದ್ದರು. ಅದಕ್ಕೆ ಕೆಂಪು ಒಪ್ಪಿಸುವುದು ಎನ್ನುತ್ತೇವೆ. ಹೊಸಿಲಿಗೆ ಬಂದ ಹುಳುಗಳನ್ನು ಮೊರಕ್ಕೆ ಆರಿಸಿಕೊಂಡು, ಅರಿಶಿನ ಕುಂಕುಮ ಹಾಕಿ, ತೂಬಿನ ಮೆಟ್ಟಿಲಿಗೆ ತರುತ್ತಾರೆ. ನಾನು ಹಲಗೆ ಇಳಿಸಿ ನೀರನ್ನು ನಿಲ್ಲಿಸುತ್ತೇನೆ. ಹರಿಯುವ ನೀರು ನಮ್ಮ ಮಾತು ಕೇಳಿಸಿಕೊಳ್ಳುವಷ್ಟು ಹೊತ್ತು ಎಲ್ಲಿ ನಿಲ್ಲುತ್ತದೆ. ಹುಳುಗಳನ್ನು ಬಿಟ್ಟ ಮೇಲೆ ಕಾಯಿಲೆಯವರು ಸೊಂಟದ ತನಕ ಇಳಿದು, ತಮ್ಮ ಕೆಂಪನ್ನು ಆ ನಿಂತ ನೀರಿನಲ್ಲೇ ತಾಯಿಗೆ ಬಿಡಬೇಕು. “ನಿಂದು ನಿನಗೆ” ಎಂದು ಹೇಳಬೇಕು. ಹೊರಗಿನವರು ಕೇಳಿದರೆ ಮೂಗು ಮುರಿದಾರು. ನಮಗೆ ಅದು ದೀಪ ಹಚ್ಚಿದಷ್ಟೇ ಮಡಿಯ ಕೆಲಸ. ಆಮೇಲೆ ನಾನು ಹಲಗೆ ಎತ್ತುತ್ತೇನೆ, ನೀರು ಗದ್ದೆಗೆ ಹೋಗುತ್ತದೆ.

ಒಂದು ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದ ಹೊಂಬಾಳಮ್ಮ ಪೊರಕೆ ನಿಲ್ಲಿಸಿ ನೆಲ ನೋಡುತ್ತಾ ನಿಂತಿದ್ದಳು.

“ಇದು ನಂದಾ ನಿಂದಾ?” ಅಂದಳು.

ಹೋಗಿ ನೋಡಿದೆ. ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಲೋಕದಲ್ಲಿ ಅಂಥ ಬೆರಳು ಇರುವುದು ಒಬ್ಬಳಿಗೇ.

“ನಂದೇ ಇರ್ಬೇಕು,” ಅಂದೆ.

“ಸುಳ್ಳು ಹೇಳಾಕೂ ಒಂದು ಮೊಖ ಬೇಕು ಕಣಯ್ಯ. ನಿನ್ನ ಕಾಲು ಮೊರದಗಲ ಅದೆ.” ಪೊರಕೆಯನ್ನು ಗೋಡೆಗೆ ಒರಗಿಸಿದಳು. “ನಾಟಿ ಮುಗುದಾಗಿಂದ ಉರಿ ಇತ್ತು. ಮೊನ್ನೆಯಿಂದ ಕೆಂಪು. ಹೇಳಿದ್ರೆ ನೀನು ಅನ್ನ ಬುಡ್ತೀಯ ಅಂತ ಹೇಳ್ನಿಲ್ಲ.”

ಎರಡು ಹೊತ್ತು ಅನ್ನ ಬಿಟ್ಟೆ. ಅವಳು ಬೈದಳು, ಉಂಡೆ.

ಮರುದಿನ ಬಸವ ಬಂದ. ಅವಳು ಹೊಸಿಲಿನ ಒಳಗಡೆ ಕೂತು, ಮನೆಗೆ ಬಂದ ಬೀಗರನ್ನು ನೋಡುವ ಹಾಗೆ ನೋಡಿ, “ಬಂದ್ಯಾ ಬಸವಣ್ಣ, ಬಾ” ಅಂದಳು. ಮೊರ ತಂದಳು. ನನ್ನ ಕೈಯಾರೆ ಹಲಗೆ ಇಳಿಸಿ, ನನ್ನ ಹೆಂಡತಿಯನ್ನು ನಾನೇ ನೀರಿಗೆ ಇಳಿಸಿ ಒಪ್ಪಿಸಿದೆ.

ನಮ್ಮೂರಿಗೆ ಆಗಾಗ ಏರಿಯ ಮೇಲಿನಿಂದ ಮೊಪೆಡ್‌ನಲ್ಲಿ ನರ್ಸಮ್ಮ ಫಿಲೋಮಿನ ಬರುತ್ತಾರೆ. ಒಂದು ಡಬ್ಬಿ ಗುಳಿಗೆ, ಒಂದು ಉದ್ದನೆಯ ಕೋಲು. ಕೋಲಿನ ಪಕ್ಕ ನಿಲ್ಲಿಸಿ, ಎತ್ತರ ನೋಡಿ, ಎತ್ತರಕ್ಕೆ ತಕ್ಕ ಹಾಗೆ ಗುಳಿಗೆ ಕೊಡುತ್ತಾರೆ. ಬಾಯಿ ಕಹಿಯಾಗುತ್ತದೆ, ತಲೆ ತಿರುಗುತ್ತದೆ, ಕೆಲವು ವಾರದಲ್ಲಿ ಕೆಂಪು ನಿಲ್ಲುತ್ತದೆ, ಹೆಜ್ಜೆಯೂ ಆರುತ್ತದೆ. ಊರಿನವರು ಬೇಡ ಎನ್ನುವುದಿಲ್ಲ. ಗುಳಿಗೆ ನುಂಗಿದ ಒಂದೆರಡು ದಿನದಲ್ಲೇ, ಉಳಿದಿರುವ ಕೆಂಪನ್ನು ಹೋಗಿ ಒಪ್ಪಿಸಿ ತಾಯಿಯ ಋಣ ತೀರಿಸಿ ಬರುತ್ತಾರೆ. ಬರುವ ನಾಟಿಯ ಹೊತ್ತಿಗೆ ಮತ್ತೆ ಹೆಜ್ಜೆ ಹಸಿ.

“ಗುಳಿಗೆ ಒಳಗಿರೋದನ್ನ ತೆಗೀತದೆ, ಅಷ್ಟೇ,” ಎಂದು ನರ್ಸಮ್ಮ ಪೂಜಾರಿ ಚೌಡಜ್ಜಿಗೆ ಹೇಳಿದ್ದುಂಟು. “ತಿರುಗಿ ಅದೇ ನೀರಿಗೆ ಇಳಿದ್ರೆ ನಾನೇನು ಮಾಡ್ಲಿ ಅಜ್ಜಿ?”

“ನೀನು ಕೊಡೋದ ನೀನು ಕೊಡು ಮಗ. ನಾವು ಮಾಡೋದ ನಾವು ಮಾಡ್ತೀವಿ,” ಎಂದು ಅಜ್ಜಿ ಅವರ ಕೈಗೆ ಎಳನೀರು ಕೊಟ್ಟು ಕಳಿಸಿದಳು.

ಹೊಂಬಾಳಮ್ಮನಿಗೆ ಒಂದು ಸಲ ಆರಿತು, ಮತ್ತೆ ಹಸಿಯಾಯಿತು. ಇನ್ನೊಂದು ಸಲ ಗುಳಿಗೆ, ಇನ್ನೊಂದು ಸಲ ಒಪ್ಪಿಸಿದ್ದು, ಇನ್ನೊಂದು ಸಲ ಹಸಿ. ಅವಳ ಬಳೆ ಮುಂಗೈಯಿಂದ ಮೊಣಕೈ ತನಕ ಜಾರುತ್ತಿತ್ತು. ಸೀರೆಯ ನೆರಿಗೆ ಹೊಟ್ಟೆಯ ಮೇಲೆ ನಿಲ್ಲುತ್ತಿರಲಿಲ್ಲ. ಒಂದು ಬೆಳಿಗ್ಗೆ ಎದ್ದು ಕಾಲು ಇಳಿಬಿಟ್ಟಾಗ ಮಂಚದ ಕಾಲಿನಲ್ಲಿ ಬಸವ ಇದ್ದ. ಒಬ್ಬನಲ್ಲ. ಮಂಚದ ನಾಲ್ಕು ಕಾಲಿಗೂ ಬಂದಿದ್ದರು.

ಆ ಸಲ ನರ್ಸಮ್ಮ ಗುಳಿಗೆ ಕೊಟ್ಟು, ಹೊಟ್ಟೆ ಒತ್ತಿ ನೋಡಿ, ನನ್ನನ್ನು ಹೊರಗೆ ಕರೆದರು. “ಈ ಸಲಕ್ಕೆ ವಾಸಿಯಾಗ್ತದೆ. ಇನ್ನೊಂದು ಸಲ ಹತ್ತಿದ್ರೆ ಗುಳಿಗೆ ಕೈ ಹಿಡಿಯಲ್ಲ ಮುದ್ದಣ್ಣ. ನೀರಿಗೆ ಕಳಿಸ್ಬೇಡಿ.” ನಾನು ತಲೆ ಆಡಿಸಿದೆ. ಋಣ ತೀರಿಸದೆ ಇರುವುದು ಹೇಗೆ ಎಂದು ನಾನು ಕೇಳುವಷ್ಟು ಹೊತ್ತು ಅವರು ನಿಲ್ಲಲಿಲ್ಲ.

ಆ ಮಧ್ಯಾಹ್ನ ಚೌಡಜ್ಜಿ ತೂಬಿನಮ್ಮನಿಗೆ ನಾವು ಒಡೆಸಿದ ತೆಂಗಿನಕಾಯಿಯ ಹೋಳು, ಬಾಳೆಹಣ್ಣು ಕಳಿಸಿದ್ದಳು. ಹೊಂಬಾಳಮ್ಮ ಕಾಯಿ ತುರಿದು ಚಟ್ನಿ ಅರೆದು ನನಗೆ ಬಡಿಸಿ, ಎದುರಿಗೆ ಗೋಡೆಗೊರಗಿ ಕೂತಳು. ಅವಳಿಗೆ ಊಟ ಸೇರುತ್ತಿರಲಿಲ್ಲ, ಹೋಳಿನ ಅಂಚನ್ನು ಕಚ್ಚುತ್ತಿದ್ದಳು.

“ಇದು ನಮ್ಮ ಹಿತ್ತಲ ಕಾಯೇ ಕಣಯ್ಯ. ನಾವು ಇಟ್ಟಿದ್ದನ್ನೇ ಅವಳು ಕೊಡೋದು. ಕಾಯಿ ಇಟ್ರೆ ಕಾಯಿ, ಹಣ್ಣು ಇಟ್ರೆ ಹಣ್ಣು. ಯಾವತ್ತಾದ್ರೂ ತನಗೆ ಅಂತ ಇಟ್ಕೊಂಡವ್ಳಾ?”

“ತಾಯಿ ಅಲ್ವಾ,” ಅಂದೆ.

ಅವಳು ಅಗಿಯುವುದನ್ನು ನಿಲ್ಲಿಸಿದಳು. “ಮತ್ತೆ ಕೆಂಪು ಇಟ್ರೆ?” ಅಂದಳು.

 ಒಪ್ಪಿಸುವ ಹೊತ್ತಿನಲ್ಲಿ ಹಲಗೆ ಹಿಡಿದು ನಿಂತವನಿಗೆ ಕಾಣುವುದೆಲ್ಲ ಕಣ್ಣಿಗೆ ಬಂತು. ನಿಂತ ನೀರಿನಲ್ಲಿ ಕೆಂಪು ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಕಲ್ಲಿನ ಸಂದಿಯಿಂದ, ಪಾಚಿಯ ಅಡಿಯಿಂದ, ತೆಪ್ಪಗಿದ್ದ ಹುಳುಗಳೆಲ್ಲ ಅದರ ಕಡೆಗೆ ಹೊರಡುತ್ತವೆ, ಕಲಗಚ್ಚಿನ ಬಾನಿಗೆ ದನ ಬರುವ ಹಾಗೆ. ನಾನು ಹಲಗೆ ಎತ್ತುತ್ತೇನೆ. ಆ ನೀರು ಯಾರ ಗದ್ದೆಗೆ ಹೋಯಿತೋ ಆ ಗದ್ದೆಯಲ್ಲಿ ಬಗ್ಗಿ ನಾಟಿ ಹಾಕಿದವರ ಹೆಜ್ಜೆ ಆಮೇಲೆ ಒಣಗುವುದಿಲ್ಲ. ಇದನ್ನೆಲ್ಲ ನಾನು ನೋಡುತ್ತಲೇ ಇದ್ದೆ. ಕೈ ಮುಗಿದುಕೊಂಡು ನೋಡುತ್ತಿದ್ದೆ.

“ಪ್ರಸಾದ,” ಅಂದೆ.

“ಅವಳದೇನೂ ತಪ್ಪಿಲ್ಲ,” ಅಂದಳು ಹೊಂಬಾಳಮ್ಮ. “ಕೊಟ್ಟಿದ್ದನ್ನ ತಿರುಗಿ ಕೊಡೋದು ಅವಳ ಧರ್ಮ. ಏನು ಕೊಡ್ಬೇಕು ಅಂತ ನಾವು ನೋಡ್ಕೋಬೇಕಿತ್ತು.”

ಆದರೂ ಕೇಳದೆ ಬಿಡುವಂತಿಲ್ಲ. ನಮ್ಮಲ್ಲಿ ತಾಯಿಯನ್ನು ಹೂವಿನಿಂದ ಕೇಳುವುದಿಲ್ಲ, ಬಸವನಿಂದ ಕೇಳುತ್ತೇವೆ. ಅವಳ ನೆತ್ತಿಯ ಮೇಲೆ ಒಂದು ಹುಳು ಇಡುವುದು. ಅದು ನೀರಿನ ಕಡೆ ಇಳಿದರೆ ಒಪ್ಪಿಸು ಎಂದು, ದಡದ ಕಡೆ ಇಳಿದರೆ ಬಿಟ್ಟಿದ್ದೇನೆ ಎಂದು. ಒಪ್ಪಿಸುವ ದಿನ ಊರೆಲ್ಲ ಮೆಟ್ಟಿಲಿನ ಮೇಲೆ ಸೇರಿದಾಗ ನಾನು ಹಲಗೆ ಇಳಿಸದೆ ನಿಂತು, ಕೇಳಬೇಕು ಅಂದೆ. ಯಜಮಾನ ಬೊಮ್ಮೇಗೌಡರಿಗೆ ಅದು ಹಿಡಿಸಲಿಲ್ಲ. ಅವರ ಭತ್ತ ಹೊಡೆಗೆ ಬಂದಿತ್ತು. ನೀರು ಒಂದು ವಾರ ತಪ್ಪಿದರೆ ತೆನೆ ಜೊಳ್ಳು. ಅವರ ಭಯ ಸುಳ್ಳಿನದಲ್ಲ.

ಚೌಡಜ್ಜಿ ಮೊರದಿಂದ ಒಂದನ್ನು ಎತ್ತಿ ತಾಯಿಯ ನೆತ್ತಿಗೆ ಇಟ್ಟಳು. ಅದು ಕೊಂಬು ಹೊರಗೆ ಹಾಕಿತು. ನೀರಿನ ಕಡೆ ನೋಡಿತು. ದಡದ ಕಡೆ ನೋಡಿತು. ಆಮೇಲೆ ಕೊಂಬು ಎಳೆದುಕೊಂಡು, ಮೈ ಎಳೆದುಕೊಂಡು, ಚಿಪ್ಪಿನೊಳಗೆ ಹೋಗಿಬಿಟ್ಟಿತು.

ನಾವು ಕಾದೆವು. ಬಿಸಿಲು ನೆತ್ತಿಗೆ ಬಂದು ಪಕ್ಕಕ್ಕೆ ಹೊರಳಿತು. ಮಕ್ಕಳು ಮನೆಗೆ ಹೋಗಿ ಉಂಡು ಬಂದವು.

“ಬಸವ ಮಲಗ್ಬುಟ್ಟವ್ನೆ ಕಣಜ್ಜಿ,” ಎಂದು ಯಾರೋ ಅಂದರು.

“ಮಲಗಿಲ್ಲ. ಕೇಳಿಸ್ಕೋತಾವ್ನೆ. ನೀನು ಬಾಯ್ಮುಚ್ಚು,” ಅಂದಳು ಚೌಡಜ್ಜಿ.

“ಸುಮ್ನಿರೋದು ಅಂದ್ರೆ ಕೋಪ,” ಎಂದರು ಬೊಮ್ಮೇಗೌಡರು.

“ಸುಮ್ನಿರೋದು ಅಂದ್ರೆ ಸುಮ್ನಿರೋದು. ನನ್ನ ಮಾತು ಮುಗೀತು, ಇನ್ನು ನೀವುಂಟು ಅಂತ ನಮ್ಮತ್ತೆ ಹಿಂಗೇ ಕೂರ್ತಿದ್ಲು.”

ಗೌಡರು ಎದ್ದು ನಿಂತು ಪಂಚೆ ಕೊಡವಿದರು. ನನ್ನ ಮುಖ ನೋಡಲಿಲ್ಲ. “ಹಳೇ ಕಟ್ಟು ಒಂದದೆ. ಒಪ್ಪಿಸದ ಕಾಲು ಊರ ಮಣ್ಣು ತುಳೀಬಾರ್ದು. ನಾಳೆ ಒಪ್ಪಿಸಿದ್ರೆ ನಾಳೆ ತುಳೀಲಿ. ಅಲ್ಲೀಗಂಟ ಹೊಂಬಾಳಮ್ಮನ ಹೆಜ್ಜೆ ಬೀದಿ ಮೇಲೆ ಕಾಣ್ಬಾರ್ದು.”

 ಹೊಂಬಾಳಮ್ಮ ಕೊನೆಯ ಮೆಟ್ಟಿಲಿನ ಮೇಲೆ ನಿಂತಿದ್ದಳು. ಅವಳ ಹಿಂದೆ ಮನೆಯಿಂದ ಅಲ್ಲಿಯತನಕ ಹಸಿ ಹೆಜ್ಜೆಯ ಸಾಲು. ಮುಂದೆ ನೀರು. ಅವಳು ನೀರನ್ನು ನೋಡಿದ ರೀತಿ ನೋಡಿ ನನಗೆ ಭಯವಾಯಿತು. ಇಳಿದುಬಿಡುತ್ತಾಳೆ, ನನ್ನ ಮಾನ ಉಳಿಸಲು ಇಳಿದುಬಿಡುತ್ತಾಳೆ ಅನ್ನಿಸಿತು. ಹೋಗಿ ಅವಳಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತೆ.

“ಹತ್ತು,” ಅಂದೆ.

“ಜನ ನೋಡ್ತಾವ್ರೆ.”

“ನೋಡ್ಲಿ. ಮಣ್ಣು ತುಳೀಬೇಡ ಅಂದವ್ರು ನನ್ನ ಬೆನ್ನ ಮ್ಯಾಲೆ ಕೂರ್ಬೇಡ ಅಂದಿಲ್ಲ.”

ಒಬ್ಬರು ನಕ್ಕರು, ಆಮೇಲೆ ಇನ್ನೊಬ್ಬರು. ಅವಳು ಹತ್ತಿದಳು. ಅಷ್ಟು ಹಗುರ ಇರುತ್ತಾಳೆ ಎಂದು ನಾನು ಎಣಿಸಿರಲಿಲ್ಲ. ಒಂದು ಹೊರೆ ಒಣಹುಲ್ಲು ಇದಕ್ಕಿಂತ ಭಾರ. ಗುಂಪಿನ ಮಧ್ಯದಿಂದ ನಡೆದು ಬರುವಾಗ ನಗು ತಾನಾಗಿ ನಿಂತಿತು.

“ಮದುವೇಲೂ ನೀನು ಹಿಂಗೆ ಎತ್ಕೊಂಡಿರ್ನಿಲ್ಲ,” ಎಂದು ಕಿವಿಯಲ್ಲಿ ಹೇಳಿದಳು.

“ಆಗ ನೀನು ದಪ್ಪಕಿದ್ದೆ.”

ಬೆನ್ನಿಗೆ ಗುದ್ದಿದಳು. ಅಂದಿನಿಂದ ಅವಳ ಕಾಲು ನೆಲ ಮುಟ್ಟಲಿಲ್ಲ.

ಮನೆಯೊಳಗೆ ಮಂಚದಿಂದ ಒಲೆಗೆ, ಒಲೆಯಿಂದ ಹಿತ್ತಲಿಗೆ ಹಲಗೆ ಹಾಸಿದೆ. ಹಿತ್ತಲಿನ ಎತ್ತರದ ಒಣ ಜಾಗದಲ್ಲಿ, ಹೊಂಗೆಮರದ ಕೆಳಗೆ, ಒಂದು ಗುಂಡಿ ತೋಡಿ ಸುತ್ತ ತೆಂಗಿನಗರಿಯ ಮರೆ ಕಟ್ಟಿದೆ. ಉಳಿದ ಕೆಂಪನ್ನು ಅವಳು ಅಲ್ಲಿ ಬಿಟ್ಟಳು. ಮೊದಲ ದಿನ ಅಲ್ಲಿಂದ ಅವಳ ದನಿ ಕೇಳಿಸಿತು. “ನಂದು ನನಗಿರ್ಲಿ ತಾಯಿ. ನೀನು ಮುಟ್ಬೇಡ.” ನಾನು ಒಲೆಯ ಮುಂದೆ ಕೂತು ಅತ್ತೆ. ಅಷ್ಟು ದೊಡ್ಡ ಪೂಜೆಯನ್ನು ನಾನು ತೂಬಿನ ಹತ್ತಿರ ಯಾವತ್ತೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ತೂಬಿಗೆ ಹೋದೆ. ಅವಳ ಹೆಜ್ಜೆ ಕೊನೆಯಾದ ಮೆಟ್ಟಿಲಿನ ಮೇಲೆ ಹುಳುಗಳು ಸೇರಿದ್ದವು. ಎಷ್ಟು ಎಂದು ಹೇಳಲಾರೆ, ಕಲ್ಲು ಕಾಣುತ್ತಿರಲಿಲ್ಲ. ಒಂದರ ಮೇಲೊಂದು ಹತ್ತಿ, ಸುರಿದ ಭತ್ತದ ರಾಶಿಯ ಹಾಗೆ ಏರಿ, ತುದಿಯಲ್ಲಿದ್ದವು ಕೊಂಬು ಎತ್ತಿ ಗಾಳಿಯಲ್ಲಿ ಹುಡುಕುತ್ತಿದ್ದವು. ಇಡೀ ರಾಶಿ ಒಂದೇ ಉಸಿರಿನಲ್ಲಿ ಏರಿ ಇಳಿಯುತ್ತಿತ್ತು. ನಾನು ನೀರಿಗೆ ಇಳಿದು ಹಲಗೆ ಎತ್ತುವಾಗ ಅಷ್ಟೂ ಕೊಂಬು ನನ್ನ ಕಡೆ ತಿರುಗಿದವು. ಆಮೇಲೆ, ಇವನಲ್ಲ ಎಂದು, ಮತ್ತೆ ಊರಿನ ಕಡೆ ತಿರುಗಿದವು.

ನನ್ನ ಹೆಂಡತಿಯನ್ನು ನಾನು ಎಲ್ಲ ಕಡೆಗೂ ಹೊತ್ತೆ. ಸಂತೆಗೆ, ಅವಳ ತಂಗಿಯ ಮಗಳ ನಾಮಕರಣಕ್ಕೆ, ದೂರದಿಂದ ಕೈ ಮುಗಿಯಲು ತೂಬಿನ ಏರಿಗೆ. ಬೀದಿಯಲ್ಲಿ ಮಾತು ತಪ್ಪುತ್ತಿರಲಿಲ್ಲ. “ಏನ್ ಮುದ್ದಣ್ಣ, ಉತ್ಸವ ಇವತ್ತು ಯಾವ ಬೀದಿಗೆ?” ಎಂದು ಹೋಟೆಲಿನವನು ಕೇಳಿದರೆ ಹೊಂಬಾಳಮ್ಮನೇ ಮೇಲಿನಿಂದ, “ನಿನ್ನ ಹಳಸಿದ ಸಾಂಬಾರಿನ ವಾಸನೆ ಬರ್ದಿರೋ ಬೀದಿಗೆ ಕಣಪ್ಪ” ಅನ್ನುತ್ತಿದ್ದಳು. ಅವಳಿಗೆ ಎತ್ತರ ಒಗ್ಗಿತು. ಎಲ್ಲರ ಮನೆಯ ಕಾಂಪೌಂಡಿನ ಒಳಗೆ ಏನಿದೆ ಎಂದು ನನಗೆ ವರದಿ ಬರುತ್ತಿತ್ತು.

ಬಸವ ಮಾತ್ರ ದಾರಿ ತಪ್ಪಿದ. ಹಳೆಯ ಹೆಜ್ಜೆಗಳು ಒಂದೊಂದಾಗಿ ಆರಿದ ಮೇಲೆ ಅವನು ಮೆಟ್ಟಿಲಿನಿಂದ ಬೀದಿಗೆ ಬಂದ. ಬೆಳಿಗ್ಗೆ ಬಾಗಿಲು ತೆಗೆದವರಿಗೆ ಊರು ತುಂಬ ಅಂಟಿನ ಗೆರೆ ಕಾಣುತ್ತಿತ್ತು, ಹೊಳೆಯುವ ಗೆರೆ, ಸುತ್ತಿ ಬಂದು ತನ್ನನ್ನೇ ದಾಟಿ ಮತ್ತೆ ಸುತ್ತುವ ಗೆರೆ. ರಂಗೋಲಿ ಹಾಕುತ್ತಾ ಹಾಕುತ್ತಾ ಮುಂದಿನ ಎಳೆ ಮರೆತವಳ ಕೈ ಹಾಗೆ ಇತ್ತು. ಒಣಗಿದ ಹೆಜ್ಜೆಯವರ ಮನೆಗಳಿಗೂ ನುಗ್ಗಿದ. ತೊಟ್ಟಿಲಿನ ಹಗ್ಗದ ಮೇಲೆ ಇದ್ದ. ದೇವರ ಗೂಡಿನಲ್ಲಿ ದೀಪದ ಪಕ್ಕ ಇದ್ದ. ಎಲ್ಲಿದ್ದರೂ ಕೊಂಬು ಎತ್ತಿ, ಕೇಳುವವನ ಹಾಗೆ. ನಮ್ಮ ಮಂಚದ ಕಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಉದುರಿದರು. ಖಾಲಿ ಚಿಪ್ಪುಗಳನ್ನು ಗುಡಿಸುವಾಗ ಅವು ಹಲಗೆಯ ಮೇಲೆ ಸಣ್ಣಗೆ ಸದ್ದು ಮಾಡಿದವು, ಹಲ್ಲು ಕಡಿದ ಹಾಗೆ.

ಬೊಮ್ಮೇಗೌಡರು ಮನೆಗೆ ಬಂದರು. ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟೆ.

“ನಿನ್ನ ಹೆಂಡ್ತಿಗೆ ಬಂದ ಬಸವ ನಮ್ಮ ದೇವರಮನೆ ಹೊಕ್ಕವ್ನೆ ಮುದ್ದ. ಹಿಂಗಾದ್ರೆ ಊರು ಉಳೀತದಾ?”

“ನೀರು ನಿಂತದಾ ಗೌಡ್ರೆ?”

ಅವರು ಮಜ್ಜಿಗೆ ಕುಡಿದರು. ನೀರು ನಿಂತಿರಲಿಲ್ಲ. ಅವರ ಭತ್ತ ಹಾಲು ತುಂಬಿ ತಲೆ ಬಾಗಿಸಿತ್ತು, ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಲೋಟ ಕೆಳಗಿಟ್ಟರು. ಎದ್ದರು. ಮತ್ತೆ ಕೂತರು. ಬೀದಿಯ ಆ ಕಡೆ ಈ ಕಡೆ ನೋಡಿದರು.

“ನಮ್ಮ ಸೊಸೆ ಹಾಸುಗಲ್ಲು ದಾಟಿ ಹೋದ್ಲು ನಿನ್ನೆ,” ಅಂದರು. “ಇವತ್ತು ನೋಡಿದ್ರೆ ಹಂಗೇ ಅದೆ.”

ನಾನು ಲೋಟಕ್ಕೆ ಇನ್ನಷ್ಟು ಮಜ್ಜಿಗೆ ಸುರಿದೆ.

“ಗುಂಡಿ ಎಷ್ಟು ಆಳ ತೋಡ್ದೆ?”

ಕರೆದುಕೊಂಡು ಹೋಗಿ ತೋರಿಸಿದೆ. ಗೌಡರು ಮರೆಯ ಹೊರಗೆ ನಿಂತು, ಗುಡಿಗೆ ಬಂದವರ ಹಾಗೆ ಚಪ್ಪಲಿ ಬಿಟ್ಟು, ಇಣುಕಿ ನೋಡಿದರು. ಆ ವಾರವೇ ಅವರ ಮಗ ತನ್ನ ಹೆಂಡತಿಯನ್ನು ಬೆನ್ನ ಮೇಲೆ ಹೊತ್ತು ಬೀದಿಗೆ ಬಂದ. ನಾಚಿ ಅವಳು ಅವನ ಟವಲಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಯಾರೂ ನಗಲಿಲ್ಲ.

ಆಮೇಲೆ ಊರೇ ಹಾಗಾಯಿತು. ಗಂಡ ಹೆಂಡತಿಯನ್ನು, ಅಕ್ಕ ತಮ್ಮನನ್ನು, ಅಳಿಯ ಮಾವನನ್ನು. ಮಂಜು ಬೀಳುವ ಬೆಳಿಗ್ಗೆ ಏರಿಯ ಮೇಲೆ ನಿಂತು ನೋಡಿದರೆ ಎರಡು ತಲೆ ಎರಡು ಕಾಲಿನ ಆಕಾರಗಳು ಸದ್ದಿಲ್ಲದೆ ಓಡಾಡುತ್ತಿದ್ದವು. ಮೇಲಿನವರು ಮೆಲ್ಲಗೆ ಏನೋ ಹೇಳುತ್ತಿದ್ದರು, ಕೆಳಗಿನವರು ಹೂಂಗುಡುತ್ತಿದ್ದರು. ಅವರ ಕಾಲಿನ ಸುತ್ತ ಬಸವ ಸುತ್ತುತ್ತಿದ್ದ. ತುಳಿಯದ ಹಾಗೆ ಕಾಲಿಡಬೇಕಾಗಿತ್ತು. ಹಿತ್ತಲು ಹಿತ್ತಲಿನಲ್ಲೂ ಗರಿಯ ಮರೆ ಎದ್ದಿತು. ಒಪ್ಪಿಸಲು ಯಾರೂ ತೂಬಿಗೆ ಬರಲಿಲ್ಲ. ಚೌಡಜ್ಜಿ ತಾಯಿಗೆ ಬರೀ ಹೂವು ಇಟ್ಟಳು. ಊರಿಗೆಲ್ಲ ಬರೀ ಹೂವಿನ ಪ್ರಸಾದ ಬಂತು. ನರ್ಸಮ್ಮ ಬಂದಾಗ ಮೊಪೆಡ್ ನಿಲ್ಲಿಸಿ ಈ ಓಡಾಟವನ್ನು ಬಹಳ ಹೊತ್ತು ನೋಡಿದರು.  ಕೋಲು ತೆಗೆದು, “ಮೇಲಿರೋರು ಮೊದಲು ಇಳಿದು ಬನ್ನಿ” ಅಂದರು. ಹೊಂಬಾಳಮ್ಮನ ಹೊಟ್ಟೆ ಒತ್ತಿ ನೋಡಿ, ಕೆನ್ನೆ ತಟ್ಟಿ, ಗುಳಿಗೆ ಬೇಡ ಅಂದರು. ಬಳೆ ಮತ್ತೆ ಮುಂಗೈಯಲ್ಲಿ ನಿಲ್ಲುತ್ತಿತ್ತು. ಅವಳು ಮಿಂದು ಬಂದು ನಡೆದರೆ, ಹಲಗೆಯ ಮೇಲಿನ ಹೆಜ್ಜೆ ಅವಳು ಒಲೆ ಮುಟ್ಟುವ ಮೊದಲೇ ಆರಿರುತ್ತಿತ್ತು.

ಇವತ್ತು ಬೆಳಿಗ್ಗೆ ನಾನು ತೂಬಿನಿಂದ ಬಂದು ಜಗಲಿಯಲ್ಲಿ ಕೂತಿದ್ದೆ. ಅವಳು ಹಲಗೆಯ ತುದಿಗೆ ಬಂದು ನಿಂತು ಅಂಗಳ ನೋಡುತ್ತಿದ್ದಳು. ನಾನು ಬಂದು ಬಹಳ ಹೊತ್ತಾಗಿತ್ತು, ಬಿಸಿಲು ಚುರುಗುಟ್ಟುತ್ತಿತ್ತು.

“ಇದು ನಂದಾ ನಿಂದಾ?” ಅಂದಳು.

ನೋಡಿದೆ. ಮೊರದಗಲದ ಹೆಜ್ಜೆ. ಹಿಮ್ಮಡಿ ಆಳವಾಗಿ ಊರಿತ್ತು, ಹೊರೆ ಹೊತ್ತವನದು.

“ನಂದೇ ಇರ್ಬೇಕು,” ಅಂದೆ.

ಬಾಗಿಲಿನಿಂದ ಬೀದಿಗೆ, ಬೀದಿಯಿಂದ ಏರಿಗೆ ಹಸಿ ಸಾಲು ಕಾಣುತ್ತಿತ್ತು. ಏರಿಯ ತಿರುವಿನಲ್ಲಿ ನೆಲ ಕದಲಿದ ಹಾಗೆ ಕಂಡಿತು. ಇಷ್ಟು ದಿನ ಬೀದಿ ಬೀದಿ ಹುಡುಕಿದ ಬಸವನಿಗೆ ಕೊನೆಗೂ ದಾರಿ ಸಿಕ್ಕಿತ್ತು. ಅವನು ಹೊರಟಿದ್ದ, ಊರಿನಲ್ಲಿದ್ದ ಅಷ್ಟೂ ಹುಳು, ಒಂದೇ ಸಾಲಿನಲ್ಲಿ. ನನಗೆ ವಿಚಿತ್ರವಾದ ಸಮಾಧಾನವಾಯಿತು. ತಾಯಿಯ ನೀರಿನಲ್ಲಿ ಬದುಕೆಲ್ಲ ನಿಂತವನು, ಕರೆದರೆ ಹೋಗುವುದೇ ಎಂದು ಕೈ ಮುಗಿಯಲು ಎದ್ದೆ.

ಹೊಂಬಾಳಮ್ಮ ಹಲಗೆಯಿಂದ ಇಳಿದಳು. ಒಪ್ಪಿಸದ ಕಾಲನ್ನು ಊರ ಮಣ್ಣಿನ ಮೇಲೆ ಇಟ್ಟಳು. ಸೀರೆ ಎತ್ತಿ ಕಟ್ಟಿ, ನನಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತಳು.

“ಹತ್ತು.”

“ನಿನ್ನ ಕಾಲು…”

“ನನ್ನ ಕಾಲು ನೋಡಾಕೆ ಯಾರಿಗೆ ಪುರುಸೊತ್ತದೆ? ಎಲ್ರೂ ಒಬ್ಬೊಬ್ಬರ ಹೊತ್ಕೊಂಡವ್ರೆ. ಹತ್ತು ಅಂದ್ನಲ್ಲ.”

ಹತ್ತಿದೆ. ಅವಳು ಒಂದು ಸಲ ತೂಗಾಡಿ, ಬೈದು, ನಿಂತಳು. ಬಸವನ ಸಾಲಿನ ಪಕ್ಕದಿಂದಲೇ ನಡೆದು ನನ್ನನ್ನು ಇಲ್ಲಿಗೆ ತಂದು ಈ ಕಲ್ಲಿನ ಮೇಲೆ ಇಳಿಸಿದಳು. ಊರಿನ ನೀರಿನ ಸರದಿ ತಪ್ಪಬಾರದು ಎಂದು, ನಾನು ನೀರಿಗೆ ಇಳಿಯದೆ ದಡದಿಂದಲೇ ಎತ್ತುವ ಹಾಗೆ ಹಲಗೆಗೆ ಹಗ್ಗ ಕಟ್ಟಿದ್ದಾಳೆ, ಎಳೆದು ನೋಡಿದೆ, ಬರುತ್ತದೆ. ನರ್ಸಮ್ಮ ಪಕ್ಕದ ಹಳ್ಳಿಯಲ್ಲಿದ್ದಾರೆ, ಕರೆತರುತ್ತೇನೆ, ಅಲ್ಲಿಯತನಕ ಕಾಲು ಕೆಳಗೆ ಬಿಡಬೇಡ ಎಂದು ಹೇಳಿ ಹೋಗಿದ್ದಾಳೆ.

ಹೋಗಿ ಹೊತ್ತಾಯಿತು. ಬಸವ ನಮ್ಮ ಹೊಸಿಲು ನೋಡಿಕೊಂಡು ತಿರುಗಿ ಬಂದಿದ್ದಾನೆ. ಕಲ್ಲಿನ ಸುತ್ತ ನೆಲ ಕಾಣದ ಹಾಗೆ ಕೂತಿದ್ದಾನೆ. ಒಂದು ಸದ್ದಿಲ್ಲ. ಅಷ್ಟೂ ಕೊಂಬು ನನ್ನ ಮಡಿಸಿದ ಕಾಲಿನ ಕಡೆಗೆ. ನಾನು ಹೇಳುವುದು ಬಾಕಿ ಇದೆ ಎಂದು ಅವನು ಕಾಯುತ್ತಿದ್ದಾನೆ, ಹೇಳುತ್ತಿದ್ದೇನೆ. ಎದುರಿಗೆ ತಾಯಿ, ಅರ್ಧ ನೀರಿನಲ್ಲಿ ಅರ್ಧ ಗಾಳಿಯಲ್ಲಿ, ನೆತ್ತಿಯ ಮೇಲೆ ಆವತ್ತಿನ ಆ ಚಿಪ್ಪು ಹಾಗೇ ಇದೆ. ನಂದು ನನಗಿರಲಿ ತಾಯಿ ಎಂದು ಅವಳಿಗೂ ಹೇಳಿದ್ದೇನೆ.

ಏರಿಯ ಮೇಲಿನಿಂದ ಮೊಪೆಡ್ಡಿನ ಸದ್ದು ಬರುತ್ತಿದೆ. ಅದಕ್ಕಿಂತ ಜೋರಾಗಿ, ನಿಧಾನಕ್ಕೆ ಓಡಿಸಮ್ಮ ಎಂದು ನರ್ಸಮ್ಮನನ್ನು ಬೈಯುವ ಒಂದು ದನಿ. ಕೊಂಬುಗಳು ಒಂದೊಂದಾಗಿ ಆ ಕಡೆ ತಿರುಗುತ್ತಿವೆ.